ರಿಪೇರಿ ಕೈಪಿಡಿ: ಕಾಗದದಿಂದ ಪರದೆಗೆ

ಸ್ಕೂಟರಿನ ಎಂಜಿನ್ ಬಿಚ್ಚಿ ಮತ್ತೆ ಜೋಡಿಸುವಾಗ ಒಂದು ಬೋಲ್ಟನ್ನು ಎಷ್ಟು ಬಿಗಿಯಬೇಕು? ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಮೆಕ್ಯಾನಿಕ್ಕಿಗೆ ಕೈಯೇ ಹೇಳುತ್ತದೆ. ವರ್ಷಕ್ಕೊಮ್ಮೆ ಸ್ಪ್ಯಾನರ್ ಹಿಡಿಯುವ ಹವ್ಯಾಸಿಗೆ ಒಂದು ಸಂಖ್ಯೆ ಬೇಕು. ಆ ಸಂಖ್ಯೆ ಇರುವುದು ರಿಪೇರಿ ಕೈಪಿಡಿಯಲ್ಲಿ.

ಸಂಖ್ಯೆಯ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 8 ಮಿಲಿಮೀಟರ್ ವ್ಯಾಸದ ಬೋಲ್ಟನ್ನು 25 ನ್ಯೂಟನ್-ಮೀಟರ್ ಟಾರ್ಕಿನಿಂದ ಬಿಗಿದೆವೆನ್ನಿ. ಟಾರ್ಕನ್ನು ಬೋಲ್ಟಿನ ವ್ಯಾಸ ಮತ್ತು ಘರ್ಷಣೆಯನ್ನು ಸೂಚಿಸುವ ಗುಣಾಂಕ, ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಬೋಲ್ಟಿನಲ್ಲಿ ಉಂಟಾಗುವ ಎಳೆತ ಸ್ಥೂಲವಾಗಿ ದೊರೆಯುತ್ತದೆ. ಒಣಗಿದ ಥ್ರೆಡ್ಡಿಗೆ ಈ ಗುಣಾಂಕ ಸುಮಾರು 0.2. ಹಾಗಾಗಿ ಎಳೆತ 25 ÷ (0.2 × 0.008) = 15,625 ನ್ಯೂಟನ್. ಇದು ಸುಮಾರು 1,600 ಕಿಲೊಗ್ರಾಂ ವಸ್ತುವಿನ ತೂಕಕ್ಕೆ ಸಮ. ಥ್ರೆಡ್ಡಿಗೆ ಎಣ್ಣೆ ತಾಗಿ ಗುಣಾಂಕ 0.15ಕ್ಕೆ ಇಳಿದರೆ ಅದೇ ಟಾರ್ಕಿಗೆ ಎಳೆತ 20,800 ನ್ಯೂಟನ್ ದಾಟುತ್ತದೆ. ಆದ್ದರಿಂದಲೇ ಒಳ್ಳೆಯ ಕೈಪಿಡಿ ಸಂಖ್ಯೆಯೊಡನೆ ‘ಒಣಗಿದ್ದಾಗ’ ಅಥವಾ ‘ಎಣ್ಣೆ ಹಚ್ಚಿ’ ಎಂಬುದನ್ನೂ ಹೇಳುತ್ತದೆ.

ಇಂಥ ಮಾಹಿತಿಯನ್ನು ಮುದ್ರಿತ ಪುಸ್ತಕದಲ್ಲಿ ನೋಡುವುದು ಮೇಲೋ, ಕಂಪ್ಯೂಟರಿನ ಪರದೆಯಲ್ಲಿ ನೋಡುವುದು ಮೇಲೋ? ಇದು ಇಂದಿನ ಅನುಕೂಲದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದರ ಹಿಂದೆ ಎರಡೂವರೆ ಶತಮಾನಗಳ ಇತಿಹಾಸವಿದೆ.

ಗುಟ್ಟು ಪುಸ್ತಕವಾದದ್ದು

ಯಂತ್ರಕೌಶಲ ಬಹುಕಾಲ ಗುರುವಿನಿಂದ ಶಿಷ್ಯನಿಗೆ ಸಾಗುತ್ತಿದ್ದ ಗುಟ್ಟಾಗಿತ್ತು. ಅದನ್ನು ಅಚ್ಚಿಗೆ ತಂದ ದೊಡ್ಡ ಪ್ರಯತ್ನ ಫ್ರಾನ್ಸಿನ ವಿಶ್ವಕೋಶ. ದಿದೆರೊ ಮತ್ತು ದ’ಅಲಂಬೆರ್ ಸಂಪಾದಕತ್ವದಲ್ಲಿ 1751ರಲ್ಲಿ ಆರಂಭವಾದ ಇದರ 17 ಪಠ್ಯಸಂಪುಟಗಳು 1765ರ ಹೊತ್ತಿಗೆ ಮುಗಿದವು. 1762ರಿಂದ 1772ರವರೆಗೆ 11 ಚಿತ್ರಸಂಪುಟಗಳು ಹೊರಬಂದವು. ನೇಯ್ಗೆಯ ಮಗ್ಗ, ಗಡಿಯಾರ, ಅಚ್ಚುಕೂಟ ಮುಂತಾದವುಗಳ ಭಾಗಗಳನ್ನು ಬೇರೆ ಬೇರೆಯಾಗಿ ಬರೆದು, ಪ್ರತಿಯೊಂದಕ್ಕೂ ಗುರುತು ಕೊಟ್ಟು ವಿವರಿಸಲಾಗಿತ್ತು.

ಇನ್ನೊಂದು ಹೆಜ್ಜೆಯನ್ನು ಗಣಿತಜ್ಞ ಗ್ಯಾಸ್ಪರ್ ಮೊಂಜ್ ಇಟ್ಟ. ಮೂರು ಆಯಾಮದ ವಸ್ತುವನ್ನು ಎರಡು ಆಯಾಮದ ಕಾಗದದ ಮೇಲೆ ಅಳತೆ ತಪ್ಪದಂತೆ ತೋರಿಸುವ ವಿವರಣಾತ್ಮಕ ಜ್ಯಾಮಿತಿಯನ್ನು ಅವನು ರೂಪಿಸಿದ. ಸೈನ್ಯಕ್ಕೆ ಉಪಯುಕ್ತವೆಂಬ ಕಾರಣಕ್ಕೆ ಈ ವಿಧಾನವನ್ನು ಹಲವು ವರ್ಷ ರಹಸ್ಯವಾಗಿ ಇಡಲಾಗಿತ್ತು. 1795ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಅದನ್ನು ಬಹಿರಂಗವಾಗಿ ಬೋಧಿಸಿದ. ಇಂದು ನಮ್ಮ ಐಟಿಐ ವಿದ್ಯಾರ್ಥಿಗಳು ಬರೆಯುವ ಎಂಜಿನಿಯರಿಂಗ್ ನಕ್ಷೆಯ ಮೂಲ ಅದೇ. ಯಂತ್ರದ ಜ್ಞಾನ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಆಗಲೇ ಹುಟ್ಟಿತ್ತು ಎಂಬುದು ಗಮನಾರ್ಹ.

ಗ್ಯಾರೇಜಿಗೆ ಬಂದ ಪುಸ್ತಕ

ಸಾಮಾನ್ಯ ಮನೆಗೆ ರಿಪೇರಿ ಕೈಪಿಡಿಯನ್ನು ತಂದದ್ದು ಮೋಟಾರು ಕಾರು. 1908ರಿಂದ 1927ರವರೆಗೆ ಅಮೆರಿಕದ ಫೋರ್ಡ್ ಕಂಪನಿ ಒಂದೂವರೆ ಕೋಟಿ ‘ಟಿ’ ಮಾದರಿಯ ಕಾರುಗಳನ್ನು ತಯಾರಿಸಿತು. ಅವುಗಳನ್ನು ಕೊಂಡವರಲ್ಲಿ ಎಷ್ಟೋ ಮಂದಿ ವರ್ಕ್‌ಶಾಪಿನಿಂದ ದೂರವಿದ್ದ ರೈತರು. ಅವರಿಗಾಗಿ ಕಂಪನಿ ಪ್ರಶ್ನೋತ್ತರ ರೂಪದ ಪುಸ್ತಿಕೆಯನ್ನು ಹೊರತಂದಿತು.

ಈ ಇತಿಹಾಸದಲ್ಲಿ ಬ್ರಿಟನ್ನಿನ ಜಾನ್ ಹೇನ್ಸ್ ಹೆಸರು ಮುಖ್ಯವಾದುದು. 1938ರಲ್ಲಿ ಸಿಲೋನಿನಲ್ಲಿ ಹುಟ್ಟಿದ ಈತ ಇಂಗ್ಲೆಂಡಿನಲ್ಲಿ ಶಾಲೆಯಲ್ಲಿದ್ದಾಗಲೇ ಹಳೆಯ ಆಸ್ಟಿನ್ 7 ಕಾರನ್ನು ಮಾರ್ಪಡಿಸಿದ. 1956ರಲ್ಲಿ ಆ ಅನುಭವವನ್ನೇ ಪುಸ್ತಿಕೆಯಾಗಿ ಬರೆದ. 250 ಪ್ರತಿಗಳು ಹತ್ತೇ ದಿನಗಳಲ್ಲಿ ಖರ್ಚಾದವು. ಮುಂದೆ ವಾಯುಪಡೆಯಲ್ಲಿದ್ದು ಏಡನ್ನಿನಲ್ಲಿ ಸೇವೆ ಸಲ್ಲಿಸುವಾಗ ಸಹೋದ್ಯೋಗಿಯೊಬ್ಬನ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ರಿಪೇರಿ ಮಾಡಿದ. ಕಾರ್ಖಾನೆಯ ಕೈಪಿಡಿ ತರಬೇತಿ ಪಡೆದವರಿಗಾಗಿ ಬರೆದದ್ದಾಗಿತ್ತು. ಹವ್ಯಾಸಿಗೆ ಅದರಿಂದ ಪ್ರಯೋಜನವಿರಲಿಲ್ಲ. ಹೇನ್ಸ್ ಕೆಲಸದ ಹಂತಗಳ ಛಾಯಾಚಿತ್ರ ತೆಗೆದು ಹೊಸ ಕೈಪಿಡಿಯನ್ನೇ ಸಿದ್ಧಪಡಿಸಿದ. 1966ರಲ್ಲಿ ಪ್ರಕಟವಾದ ಅದರ 3,000 ಪ್ರತಿಗಳು ಮೂರು ತಿಂಗಳೊಳಗೆ ಮುಗಿದವು. 2019ರಲ್ಲಿ ಹೇನ್ಸ್ ತೀರಿಕೊಳ್ಳುವ ಹೊತ್ತಿಗೆ ಅವನ ಸಂಸ್ಥೆಯ ಕೈಪಿಡಿಗಳು 20 ಕೋಟಿಗೂ ಹೆಚ್ಚು ಮಾರಾಟವಾಗಿದ್ದವು.

ಈ ಯಶಸ್ಸಿನ ಕಾರಣ ವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಒಂದು ಕಾರನ್ನು ಕೊಳ್ಳುವುದು, ಪೂರ್ತಿ ಬಿಚ್ಚುವುದು, ಮತ್ತೆ ಜೋಡಿಸುವುದು, ಆ ಅನುಭವದಿಂದ ಬರೆಯುವುದು: ಇದು ಅವರ ಕ್ರಮ. ಅಂದರೆ ಕೈಪಿಡಿಯ ಪ್ರತಿ ವಾಕ್ಯವೂ ಮಾಡಿ ನೋಡಿದ ಪ್ರಯೋಗದ ವರದಿ. ಇನ್ನೊಬ್ಬರು ಮಾಡಿದಾಗಲೂ ಅದೇ ಫಲಿತಾಂಶ ಬರಬೇಕು.

ಅಮೆರಿಕದಲ್ಲಿ ಎಂಜಿನಿಯರ್ ಜಾನ್ ಮ್ಯೂರ್ 1969ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಬಗ್ಗೆ, ಏನೂ ಅರಿಯದವನಿಗೂ ತಿಳಿಯುವಂತೆ, ಹರಟೆಯ ಧಾಟಿಯ ಕೈಪಿಡಿ ಬರೆದ. ಅಲ್ಲಿನ ಸೈನ್ಯ 1951ರಿಂದ ವಾಹನ ಮತ್ತು ಉಪಕರಣಗಳ ನಿರ್ವಹಣೆ ಕುರಿತು ಪಿಎಸ್ ಎಂಬ ಮಾಸಿಕವನ್ನು ಹೊರತಂದಿತು. ಪ್ರಸಿದ್ಧ ವ್ಯಂಗ್ಯಚಿತ್ರಕಾರ ವಿಲ್ ಐಸ್ನರ್ ಎರಡು ದಶಕ ಅದಕ್ಕೆ ಚಿತ್ರಕಥೆಗಳನ್ನು ಬರೆದ. 2017ರಲ್ಲಿ ಅದರ ಮುದ್ರಣ ನಿಂತಿತು.

ಪರದೆಯ ಕಾಲ

ಪುಸ್ತಕ ಒಮ್ಮೆಗೇ ಪರದೆಗೆ ಜಿಗಿಯಲಿಲ್ಲ. ನಡುವೆ ಮೈಕ್ರೊಫಿಶ್ ಎಂಬ ಪಾರದರ್ಶಕ ಫಿಲ್ಮ್ ಹಾಳೆ ಬಂದಿತು. ವಾಹನ ವ್ಯಾಪಾರಿಗಳು ಬಿಡಿಭಾಗಗಳ ಪಟ್ಟಿಯನ್ನು ಅದರಲ್ಲಿ ಇಟ್ಟುಕೊಳ್ಳುತ್ತಿದ್ದರು. 1990ರ ದಶಕದಲ್ಲಿ ಸಿಡಿ ಬಂದಿತು. 1993ರಲ್ಲಿ ಅಡೋಬಿ ಸಂಸ್ಥೆ ಪಿಡಿಎಫ್ ರೂಪವನ್ನು ಪರಿಚಯಿಸಿತು. 2003ರಲ್ಲಿ ಕ್ಯಾಲಿಫೋರ್ನಿಯದ ಇಬ್ಬರು ವಿದ್ಯಾರ್ಥಿಗಳು, ಕೈಲ್ ವೀನ್ಸ್ ಮತ್ತು ಲೂಕ್ ಸೋಲ್ಸ್, ಕೆಟ್ಟುಹೋದ ತಮ್ಮ ಲ್ಯಾಪ್‌ಟಾಪಿಗೆ ಕೈಪಿಡಿಯೇ ಸಿಗದೆ ತಾವೇ ಬಿಚ್ಚಿ ಕಲಿತರು. ಎಲ್ಲರಿಗೂ ಉಚಿತವಾದ ಡಿಜಿಟಲ್ ಕೈಪಿಡಿಗಳ ಐಫಿಕ್ಸಿಟ್ ಸಂಸ್ಥೆ ಹೀಗೆ ಹುಟ್ಟಿತು.

ಈ ನಡುವೆ ವಾಹನವೂ ಬದಲಾಗಿತ್ತು. ಎಂಜಿನ್ನಿನ ದೋಷವನ್ನು ತಾನೇ ಗುರುತಿಸಿ ಸಂಕೇತದ ಮೂಲಕ ತಿಳಿಸುವ ಒಬಿಡಿ ವ್ಯವಸ್ಥೆಯ ಎರಡನೇ ಹಂತ ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾಯಿತು. ಭಾರತದ ಕಾರುಗಳಿಗೆ ಇದರ ಮೊದಲ ಹಂತ 2010ರಲ್ಲಿ, ಎರಡನೆಯದು 2013ರಲ್ಲಿ ಬಂದಿತು. ‘ಪಿ0301’ ಎಂದು ಉಪಕರಣ ತೋರಿಸಿದರೆ ಮೊದಲನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಇಂಥ ಸಾವಿರಾರು ಸಂಕೇತಗಳನ್ನು ಹುಡುಕಲು ಪರದೆಯೇ ಅನುಕೂಲ. ತಯಾರಕರು ತಂತ್ರಾಂಶ ಬದಲಿಸಿದಾಗ ಡಿಜಿಟಲ್ ಪುಟವನ್ನು ತಿದ್ದಬಹುದು. ಮಾರಾಟವಾದ ಪುಸ್ತಕವನ್ನು ತಿದ್ದಲಾಗದು. ಹೇನ್ಸ್ ಸಂಸ್ಥೆಯೇ 2020ರಲ್ಲಿ ಹೊಸ ಮಾದರಿಗಳಿಗೆ ಮುದ್ರಿತ ಕೈಪಿಡಿ ತರುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ಯಾವುದು ಉಳಿಯುತ್ತದೆ?

ಹಾಗಾದರೆ ಕಾಗದ ಸೋತಿತೇ? ಒಂದು ಎಚ್ಚರಿಕೆಯ ಕಥೆ ಇಲ್ಲಿ ನೆನಪಾಗಬೇಕು. 1086ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಭೂಸಮೀಕ್ಷೆಯ ದಾಖಲೆಗೆ ಡೂಮ್ಸ್‌ಡೇ ಪುಸ್ತಕವೆಂದು ಹೆಸರು. ಅದರ 900ನೇ ವರ್ಷದ ನೆನಪಿಗೆ ಬಿಬಿಸಿ 1986ರಲ್ಲಿ ಹೊಸ ಸಮೀಕ್ಷೆ ನಡೆಸಿ ಲೇಸರ್ ತಟ್ಟೆಗಳಲ್ಲಿ ದಾಖಲಿಸಿತು. ಹದಿನೈದೇ ವರ್ಷಗಳಲ್ಲಿ ಅದನ್ನು ಓದುವ ಯಂತ್ರಗಳು ಅಪರೂಪವಾದವು. ಮಾಹಿತಿಯನ್ನು ಹೊರತೆಗೆಯಲು ತಜ್ಞರು ವಿಶೇಷ ತಂತ್ರಾಂಶ ರಚಿಸಬೇಕಾಯಿತು. ಚರ್ಮದ ಹಾಳೆಯ ಮೂಲಪ್ರತಿಯನ್ನು ಮಾತ್ರ ಇಂದಿಗೂ ಬರಿಗಣ್ಣಿನಿಂದ ಓದಬಹುದು.

ನಮ್ಮ ಮೈಸೂರಿನ ಉದಾಹರಣೆಯನ್ನೇ ನೋಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಮುಂದೆ ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಗಾಡಿಗಳು ಇನ್ನೂ ಓಡುತ್ತಿವೆ. ಕಾರ್ಖಾನೆ ಇಲ್ಲವಾದರೂ ಅಚ್ಚಾದ ಪುಸ್ತಕ ಯಾರದೋ ಕಪಾಟಿನಲ್ಲಿ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಸ್ಕ್ಯಾನ್ ಮಾಡಿದರೆ ನೂರಾರು ಮಂದಿಗೆ ದೊರೆಯುತ್ತದೆ. ಇಲ್ಲಿ ಕಾಗದ ಮತ್ತು ಪರದೆ ಎದುರಾಳಿಗಳಲ್ಲ. ಒಂದು ಉಳಿಸಿತು, ಇನ್ನೊಂದು ಹಂಚಿತು. ಮಾಹಿತಿ ತಯಾರಕರ ಸರ್ವರಿನಲ್ಲಿ ಮಾತ್ರ ಇದ್ದು, ನಾವು ಚಂದಾ ತೆತ್ತು ಓದುವಂತಿದ್ದರೆ, ಸಂಸ್ಥೆ ಮುಚ್ಚಿದ ದಿನ ಕೈಪಿಡಿಯೂ ಮುಚ್ಚುತ್ತದೆ.

ಹೀಗಾಗಿಯೇ ಮಾಹಿತಿಯ ಹಕ್ಕು ಕಾನೂನಿನ ವಿಷಯವಾಗಿದೆ. ವಾಹನ ರಿಪೇರಿಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸಬೇಕೆಂದು ಯುರೋಪಿನ ಒಕ್ಕೂಟ 2007ರಲ್ಲಿ ನಿಯಮ ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಇಂಥದೇ ಕಾನೂನನ್ನು ಭಾರಿ ಬಹುಮತದಿಂದ ಒಪ್ಪಿದರು. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಜಾಲತಾಣವನ್ನು ಆರಂಭಿಸಿತು.

ಆಯ್ಕೆ ಹೇಗೆ?

ಈ ಇತಿಹಾಸದಿಂದ ಕೆಲವು ಪಾಠಗಳನ್ನು ಕಲಿಯಬಹುದು. ಕಾರ್ಬುರೇಟರ್ ಕಾಲದ ಹಳೆಯ ವಾಹನಕ್ಕೆ ಮುದ್ರಿತ ಕೈಪಿಡಿ ಸಾಕು. ಅದರ ಯಂತ್ರ ಇನ್ನು ಬದಲಾಗುವುದಿಲ್ಲ. ವಿದ್ಯುನ್ಮಾನ ನಿಯಂತ್ರಣವಿರುವ ಹೊಸ ವಾಹನಕ್ಕೆ ಡಿಜಿಟಲ್ ಕೈಪಿಡಿ ಬೇಕೇ ಬೇಕು. ಆದರೆ ಕೊಳ್ಳುವ ಮುನ್ನ ಕಡತ ನಮ್ಮಲ್ಲೇ ಉಳಿಯುತ್ತದೆಯೇ, ಅಂತರಜಾಲವಿಲ್ಲದೆ ತೆರೆಯುತ್ತದೆಯೇ ಎಂದು ವಿಚಾರಿಸಬೇಕು. ಅಂದಿನ ಕೆಲಸಕ್ಕೆ ಬೇಕಾದ ಎರಡು ಪುಟಗಳನ್ನು ಮುದ್ರಿಸಿಕೊಂಡರೆ ಗ್ರೀಸ್ ಮೆತ್ತಿದ ಬೆರಳಿನಿಂದ ಪರದೆ ಮುಟ್ಟಬೇಕಾಗಿಲ್ಲ. ಅಂಚಿನಲ್ಲಿ ಟಿಪ್ಪಣಿಯನ್ನೂ ಬರೆದುಕೊಳ್ಳಬಹುದು.

ಸ್ಕ್ಯಾನ್ ಪ್ರತಿಯಲ್ಲಿ ಅಂಕೆಗಳನ್ನು ನಂಬುವ ಮೊದಲು ಪರೀಕ್ಷಿಸಬೇಕು. ಹಳೆಯ ಕೈಪಿಡಿಗಳಲ್ಲಿ ಟಾರ್ಕನ್ನು ಕಿಲೊಗ್ರಾಂಬಲ-ಮೀಟರಿನಲ್ಲಿ ಕೊಡುತ್ತಿದ್ದುದುಂಟು. 2.5 ಕಿಲೊಗ್ರಾಂಬಲ-ಮೀಟರ್ ಎಂದರೆ 24.5 ನ್ಯೂಟನ್-ಮೀಟರ್. ಬಿಂದು ಅಳಿಸಿ 25 ಎಂದು ಕಂಡರೆ ಅದು 245 ಆಗುತ್ತದೆ. ನಮ್ಮ 8 ಮಿಲಿಮೀಟರ್ ಬೋಲ್ಟ್ ಅದಕ್ಕೂ ಬಹಳ ಮೊದಲೇ ತುಂಡಾಗುತ್ತದೆ. ಅದು ಎಂಜಿನ್ನಿನ ಬೋಲ್ಟಾದರೆ ನಷ್ಟ ಹಣದ್ದು. ಬ್ರೇಕಿನದಾದರೆ ನಷ್ಟ ಪ್ರಾಣದ್ದು.

ಶಿಕ್ಷಕರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಒಂದು ಗುಂಪು ಸೈಕಲ್ ಪಂಪನ್ನು ಬಿಚ್ಚಿ, ಜೋಡಿಸಿ, ಕ್ರಮವನ್ನು ಚಿತ್ರಸಹಿತ ಕನ್ನಡದಲ್ಲಿ ಬರೆಯಲಿ. ಇನ್ನೊಂದು ಗುಂಪು ಆ ಬರಹವನ್ನಷ್ಟೇ ನೋಡಿ ಅದೇ ಕೆಲಸ ಮಾಡಲಿ. ಎಲ್ಲಿ ಅವರ ಕೈ ತಡೆಯುತ್ತದೆಯೋ ಅಲ್ಲಿ ವಾಕ್ಯವನ್ನು ತಿದ್ದಬೇಕು. ಹಾಗೆ ತಿದ್ದಿ ಪಕ್ವವಾದ ಕೈಪಿಡಿ ಕಾಗದದ ಮೇಲಿದ್ದರೂ ಪರದೆಯ ಮೇಲಿದ್ದರೂ ಕೆಲಸಕ್ಕೆ ಬರುತ್ತದೆ.