ಯಂತ್ರ ಕೇಳಿಸಿದ ನಮ್ಮ ದನಿ

1877ರ ಡಿಸೆಂಬರಿನಲ್ಲಿ ಥಾಮಸ್ ಎಡಿಸನ್ ತೆಳು ತವರದ ಹಾಳೆ ಸುತ್ತಿದ ಉರುಳೆಯೆದುರು ಮಾತಾಡಿ, ಅದೇ ಮಾತನ್ನು ಯಂತ್ರದಿಂದ ಮರಳಿ ಕೇಳಿದ. ಬಾಯಿ ಮುಚ್ಚಿ ಕುಳಿತು ತನ್ನ ಮಾತನ್ನು ತಾನೇ ಕೇಳುವ ವಾಡಿಕೆ ಮನುಷ್ಯರಲ್ಲಿ ಶುರುವಾದದ್ದು ಹೀಗೆ. ಬೆಟ್ಟದ ಮಾರ್ದನಿ ಮೊದಲೇ ಇತ್ತಲ್ಲ ಎನ್ನಬಹುದು. ಆದರೆ ಮಾರ್ದನಿ ಹಿಂದಿರುಗಿಸುವುದು ಕೂಗಿನ ಮಸುಕಾದ ಬಾಲವನ್ನಷ್ಟೇ, ಅದೂ ಕೂಗಿದವನು ಅಲ್ಲೇ ನಿಂತಿರುವಾಗ. ಯಂತ್ರವೋ ದನಿಯನ್ನು ಆಡಿದವರಿಂದಲೇ ಬಿಡಿಸಿಬಿಟ್ಟಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ (ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡವರು) ಹಾಡು ಮುಗಿಸಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿದರು. ತಟ್ಟೆಯೊಳಗಿನ ದನಿ ಯಾರದೆಂದು ಹೇಳಬೇಕಾಗುತ್ತದೆ. ಮಾತಾಡುತ್ತಿರುವವರ ಮಿದುಳಿಗೆ ಈ ಪರಿಚಯ ಬೇಕಿಲ್ಲ, ಏಕೆಂದರೆ ಅದು ತನ್ನ ದನಿಯನ್ನು ಮುಖ್ಯವಾಗಿ ಗುರುತಿಸುವುದು ಆಡುವ ಕ್ರಿಯೆಯಿಂದ. ಕಳೆದ ನೂರಕ್ಕೂ ಹೆಚ್ಚು ವರ್ಷಗಳ ಪ್ರಯೋಗಗಳು ನನ್ನನ್ನು ಈ ತೀರ್ಮಾನಕ್ಕೆ ತಂದಿವೆ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ತಲೆಬುರುಡೆಯದು. ಮಾತಾಡುವಾಗ ದನಿ ಮೂಳೆಯ ಮೂಲಕವೂ ಒಳಗಿವಿಗೆ ತಲುಪುತ್ತದೆ. ಹಂಗೇರಿಯ ಟೆಲಿಫೋನ್ ಪ್ರಯೋಗಾಲಯದಲ್ಲಿ ಪಳಗಿ, 1961ರಲ್ಲಿ ನೊಬೆಲ್ ಪಡೆದ ಗೆಯೋರ್ಗ್ ಫಾನ್ ಬೆಕೆಷಿ, ಈ ಪಾಲು ಗಾಳಿಯಲ್ಲಿ ಬರುವ ಪಾಲಿಗೆ ಹೆಚ್ಚುಕಡಿಮೆ ಸಮ ಎಂದು 1949ರಲ್ಲಿ ತೋರಿಸಿದ. ರೆಕಾರ್ಡಿನಲ್ಲಿ ಮೂಳೆಯ ಪಾಲಿಲ್ಲ, ಆದ್ದರಿಂದ ದನಿ ತೆಳುವಾಗಿ ಕೇಳುತ್ತದೆ. ಇದು ನಿಜವೇ, ಆದರೆ ಅರ್ಧ ಮಾತ್ರ. 1960ರ ದಶಕದಲ್ಲಿ ಫಿಲಿಪ್ ಹೋಲ್ಜ್‌ಮನ್ ಮತ್ತು ಕ್ಲೈಡ್ ರೌಸಿ ತಮ್ಮದೇ ರೆಕಾರ್ಡು ಕೇಳಿದವರ ಕಸಿವಿಸಿಯನ್ನು ಅಧ್ಯಯನ ಮಾಡಿದರು. ಸ್ಪ್ಯಾನಿಷ್ ತಾಯ್ನುಡಿಯ ದ್ವಿಭಾಷಿಕರು ಇಂಗ್ಲಿಷಿನಲ್ಲಿ ಆಡಿದ ಮಾತಿಗಿಂತ ತಾಯ್ನುಡಿಯಲ್ಲಿ ಆಡಿದ್ದನ್ನು ಕೇಳಿ ಹೆಚ್ಚು ಕದಡಿಹೋದರು. ಎರಡು ಭಾಷೆಗೂ ತಲೆಬುರುಡೆ ಒಂದೇ. ಹಾಗಾದರೆ ಕಸಿವಿಸಿಯ ಬೇರು ಮೂಳೆಗಿಂತ ಆಳದಲ್ಲಿದೆ.

ಆ ಆಳದ ಸುಳಿವು ಪ್ಯಾರಿಸ್ಸಿನ ಕಿವಿ-ಮೂಗು-ಗಂಟಲಿನ ವೈದ್ಯ ಎತಿಯೆನ್ ಲೊಂಬಾರ್‌ಗೆ 1911ರಲ್ಲೇ ಸಿಕ್ಕಿತ್ತು. ಕಿವಿಗೆ ಗದ್ದಲ ತುಂಬಿದರೆ ಜನ ತಮಗರಿವಿಲ್ಲದೆಯೇ ದನಿ ಏರಿಸುತ್ತಾರೆ. ಕಿವುಡರಂತೆ ನಟಿಸುವವರನ್ನು ಪತ್ತೆಹಚ್ಚಲೂ ಈ ಪರೀಕ್ಷೆ ಬಳಕೆಯಾಯಿತು. 1950ರಲ್ಲಿ ಅಮೆರಿಕದ ಬರ್ನಾರ್ಡ್ ಲೀ, ಟೇಪ್ ರೆಕಾರ್ಡರಿನಿಂದ ಮಾತನ್ನು ಸೆಕೆಂಡಿನ ಒಂದಿಷ್ಟು ಪಾಲು ತಡಮಾಡಿ ಕಿವಿಗೆ ಕೇಳಿಸಿದರೆ ಚೆನ್ನಾಗಿ ಮಾತಾಡುವವರೂ ತೊದಲುತ್ತಾರೆಂದು ವರದಿ ಮಾಡಿದ. ಆಡುವಾಗ ಮಿದುಳು ತನ್ನ ದನಿಯನ್ನು ಕಾವಲು ಕಾಯುತ್ತದೆ, ಅಷ್ಟೆ. ಅದರ ಇಂಪು ಸೊಂಪನ್ನು ಸವಿಯುವುದಿಲ್ಲ. ಅದೇ ವರ್ಷ ಜರ್ಮನಿಯ ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟೆಲ್‌ಷ್ಟೆಟ್, ಅಮೆರಿಕದಲ್ಲಿ ರೋಜರ್ ಸ್ಪೆರಿ, ದೇಹದ ಚಲನೆಯ ಬಗ್ಗೆ ಒಂದೇ ವಿಚಾರವನ್ನು ಬೇರೆಬೇರೆಯಾಗಿ ಮುಂದಿಟ್ಟರು: ಮಿದುಳು ಸ್ನಾಯುಗಳಿಗೆ ಕೊಟ್ಟ ಆಜ್ಞೆಯ ಒಂದು ಪ್ರತಿಯನ್ನು ಇಂದ್ರಿಯ ಕೇಂದ್ರಗಳಿಗೂ ಕಳಿಸುತ್ತದೆ. ದನಿಗೆ ಇದು ಹೇಗೆ ಅನ್ವಯಿಸುತ್ತದೆ ಎಂಬುದು ಮಾರ್ಮೊಸೆಟ್ ಕೋತಿಗಳಲ್ಲಿ ಸ್ಪಷ್ಟವಾಯಿತು. ಕೋತಿ ಕೂಗುವ ಮೊದಲೇ ಅದರ ಶ್ರವಣ ಕೇಂದ್ರದ ಹಲವು ನರಕೋಶಗಳು ತಣ್ಣಗಾಗುತ್ತವೆ. ಕಿವಿಯೊಳಗಿನ ಪುಟ್ಟ ಸ್ನಾಯುಗಳು ಬಿಗಿದು ಸದ್ದು ತಗ್ಗಿಸುವುದೇ ಇದಕ್ಕೆ ಸಾಕಲ್ಲವೇ? ಸಾಲದು. 2008ರಲ್ಲಿ ಸ್ಟೀವನ್ ಎಲಿಯಡೀಸ್ ಮತ್ತು ಸಹಸಂಶೋಧಕ ವಾಂಗ್, ಕೋತಿಯ ಕೂಗಿನ ಸ್ಥಾಯಿ ಬದಲಿಸಿ ಅದರ ಕಿವಿಗೇ ಕೇಳಿಸಿದಾಗ, ತಣ್ಣಗಿದ್ದ ಕೋಶಗಳೇ ಚುರುಕಾದವು. ಬರೀ ತಡೆಗೋಡೆಯಾಗಿದ್ದರೆ ಹೀಗೆ ಸರಿ ತಪ್ಪು ಬೇರ್ಪಡಿಸುತ್ತಿರಲಿಲ್ಲ.

ರೆಕಾರ್ಡಿನ ದನಿಗೆ ಇಂಥ ಆಜ್ಞೆಯ ಬೆಂಬಲವಿಲ್ಲ. ಆದ್ದರಿಂದ ಅದು ಬೇರೆಯವರ ದನಿ ಬರುವ ದಾರಿಯಲ್ಲೇ ಬರುತ್ತದೆ. ಇದೇ ಏರ್ಪಾಡು ಸಡಿಲಗೊಂಡರೆ ಒಳಗಿನ ಮಾತೂ ಹೊರಗಿನದೆನಿಸಬಹುದೆಂದು ಇರ್ವಿನ್ ಫೈನ್‌ಬರ್ಗ್ 1978ರಲ್ಲಿ ಊಹಿಸಿದ. ಇಲ್ಲದ ದನಿಗಳು ಕೇಳಿಸಬಹುದಾದ ಮನೋರೋಗವಾದ ಸ್ಕಿಜೋಫ್ರೇನಿಯಾ ಇರುವವರು ಮಾತಾಡುವಾಗ ಶ್ರವಣ ಕೇಂದ್ರದ ಪ್ರತಿಕ್ರಿಯೆ ಇತರರಲ್ಲಿ ತಗ್ಗುವಷ್ಟು ತಗ್ಗುವುದಿಲ್ಲ ಎಂದು ಜೂಡಿತ್ ಫೋರ್ಡ್ ಮತ್ತು ಡೇನಿಯಲ್ ಮ್ಯಾಥಲನ್ ಆಮೇಲೆ ದಾಖಲಿಸಿದರು. ಕಾಯಿಲೆಯ ಪೂರ್ಣ ವಿವರಣೆ ಇದಲ್ಲ. ಆದರೂ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುವವರನ್ನು ಸುಳ್ಳುಗಾರರೆಂದು ಜರೆಯಬೇಡಿ, ದೆವ್ವ ಬಿಡಿಸಲು ಎಳೆದೊಯ್ಯಬೇಡಿ. ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಿ.