ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ



ಕುಡಿತದ ವಿರುದ್ಧ ನಮ್ಮ ಹೋರಾಟ ಇವತ್ತಿನದಲ್ಲ. ಬಿ. ಕೃಷ್ಣಪ್ಪನವರ ಕಾಲದ ದಲಿತ ಸಂಘರ್ಷ ಸಮಿತಿ ಸರ್ಕಾರವನ್ನು ಕೇಳಿದ್ದು ಹೆಂಡ ಅಲ್ಲ, ಮಕ್ಕಳಿಗೆ ವಸತಿ ಶಾಲೆ. 1992ರಲ್ಲಿ ನೆಲ್ಲೂರು ಜಿಲ್ಲೆ ದೂಬಗುಂಟದ ಹೆಂಗಸರು ಎದ್ದರು. ಮರುವರ್ಷ ಆಂಧ್ರದಲ್ಲಿ ಸಾರಾಯಿ ನಿಂತಿತು. ನಮ್ಮಲ್ಲಿ ನಿಂತದ್ದು 2007ರ ಜುಲೈ 1ಕ್ಕೆ. ಆದರೆ ಪ್ಯಾಕೆಟ್ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂತು. ಕೂಲಿ ದುಡ್ಡು ಅಲ್ಲಿಗೇ ಹೋಯ್ತು. ಅದಕ್ಕೇ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು.

ಇದೆಲ್ಲ ಅಂಗಡಿ ಮುಚ್ಚಿಸೋ ಚರಿತ್ರೆ. ಬಿಡಬೇಕು ಅಂತ ಮನಸ್ಸು ಮಾಡಿದವನ ಚರಿತ್ರೆ ಬೇರೆ. 1935ರಲ್ಲಿ ಅಮೆರಿಕದ ಆಕ್ರಾನ್ ಊರಲ್ಲಿ ಕುಡಿತಕ್ಕೆ ಸಿಕ್ಕಿದ್ದ ಒಬ್ಬ ಡಾಕ್ಟರು, ಒಬ್ಬ ಷೇರು ದಲ್ಲಾಳಿ ಎದುರುಬದುರು ಕೂತು ಮಾತಾಡಿದರು. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಆಯ್ತು. ಅಲ್ಲಿ ಫೀಸಿಲ್ಲ, ಪೂರ್ತಿ ಹೆಸರು ಕೇಳಲ್ಲ. ಹೆಸರಿನ ಹಿಂದೆ ಜಾತಿ ಹುಡುಕೋ ನಾಡಲ್ಲಿ ಇದು ಸಣ್ಣ ಮಾತಲ್ಲ.

ಬೆಂಗಳೂರಲ್ಲಿ ಇಂಥ ಸಭೆಗಳಿವೆ. ಆದರೆ ದೊಡ್ಡಬಳ್ಳಾಪುರ ಕಡೆಯ ಹಳ್ಳಿಯ ಕೂಲಿಯವನು ಸಂಜೆ ಅಲ್ಲಿಗೆ ಹೋದರೆ ವಾಪಸ್ ಬರೋಕೆ ಬಸ್ಸೆಲ್ಲಿ? ಬಾರು ಮಾತ್ರ ಕೂಗಳತೆಯಲ್ಲಿರುತ್ತೆ. ನನ್ನ ಒತ್ತಾಯ ಇಷ್ಟೇ: ನಮ್ಮ ನಾಲ್ಕೂ ತಾಲ್ಲೂಕಿನ ಅಂಬೇಡ್ಕರ್ ಭವನಗಳಲ್ಲಿ ವಾರಕ್ಕೊಂದು ಸಂಜೆ ಇಂಥ ಸಭೆಗೆ ಒಂದು ಕೋಣೆ ಕೊಡಿಸೋಣ.

ಒಂದು ಎಚ್ಚರ: ದಿನಾ ಜಾಸ್ತಿ ಕುಡಿಯೋರು ದಿಢೀರ್ ಬಿಟ್ಟರೆ ಫಿಟ್ಸ್ ಬರಬಹುದು, ಮೊದಲು ಡಾಕ್ಟರಿಗೆ ತೋರಿಸಿ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ರೆ ಸರ್ಕಾರದ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.