ಶೆಟ್ಟರ ಅಂಗಡಿ, ಶೆಟ್ಟರ ಬಸದಿ

ಜೈನಕಾಶಿಯೆಂದು ಪ್ರಖ್ಯಾತವಾದ ಮೂಡುಬಿದಿರೆಯ ಹದಿನೆಂಟು ಬಸದಿಗಳ ಹೆಸರುಗಳನ್ನು ಅವಲೋಕಿಸಿದರೆ ಸಾಕು, ಆ ಊರಿನ ಚರಿತ್ರೆಯ ಅರ್ಧಭಾಗವು ತಾನಾಗಿಯೇ ತಿಳಿಯುತ್ತದೆ. ಶೆಟ್ಟರ ಬಸದಿ, ಕೋಟಿಶೆಟ್ಟಿ ಬಸದಿ, ವಿಕ್ರಮಶೆಟ್ಟಿ ಬಸದಿ, ದೇರಮಶೆಟ್ಟಿ ಬಸದಿ, ಚೋಳಶೆಟ್ಟಿ ಬಸದಿ, ಮಹಾದೇವಶೆಟ್ಟಿ ಬಸದಿ. ಅರಸುಮನೆತನಗಳು ಆಳಿದ ನಾಡಿನಲ್ಲಿ ಬಸದಿಗಳು ವರ್ತಕರ ಹೆಸರಿನಿಂದ ಕರೆಯಲ್ಪಡುತ್ತಿರುವುದು ಸಾಮಾನ್ಯ ಸಂಗತಿಯಲ್ಲ. ಘಟ್ಟದ ಮೆಣಸು ಕಡಲತೀರದ ಬಂದರುಗಳಿಗೆ ಇಳಿಯುತ್ತಿದ್ದ ಕಾಲದ ಆ ಅಂಗಡಿಗಳು ಅಳಿದವು. ಅವುಗಳ ಲಾಭದಿಂದ ಎದ್ದ ಶಿಲಾಮಂದಿರಗಳು ಉಳಿದಿವೆ.

ಈ ಪರಂಪರೆಯು ಕರಾವಳಿಗೆ ಮಾತ್ರ ಸೀಮಿತವಾದುದಲ್ಲ. ಹೊಂಬುಜದಲ್ಲಿ ವೀರಸಾಂತರನ ಕಾಲದ ನೊಕ್ಕಯ್ಯ ಸೆಟ್ಟಿಯು 1062ರಲ್ಲಿ ಜಿನಾಲಯವನ್ನು ನಿರ್ಮಿಸಿದನು. ಆತನಿಗಿದ್ದ ಬಿರುದು ‘ಪಟ್ಟಣಸ್ವಾಮಿ’, ಎಂದರೆ ಪೇಟೆಯ ಮುಖ್ಯಸ್ಥ. ಇಮ್ಮಡಿ ವೀರಬಲ್ಲಾಳನ ಪಟ್ಟಣಸ್ವಾಮಿ ನಾಗದೇವನು 1196ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ನಗರ ಜಿನಾಲಯವನ್ನು ಕಟ್ಟಿಸಿ, ಅದರ ರಕ್ಷಣೆಯ ಹೊಣೆಯನ್ನು ಅಲ್ಲಿಯ ವರ್ತಕ ಸಮೂಹಕ್ಕೆ ಒಪ್ಪಿಸಿದನು. ಇಲ್ಲಿಯ ‘ನಗರ’ ಎಂಬ ಶಬ್ದಕ್ಕೆ ಊರೆಂಬ ಅರ್ಥವಲ್ಲ. ಶಾಸನಗಳ ‘ನಕರ’, ಅಂದರೆ ವರ್ತಕರ ಸಂಘವೆಂದೇ ಅರ್ಥ. ಯಾತ್ರಿಕರಲ್ಲಿ ಎಷ್ಟು ಮಂದಿ ಇದನ್ನು ಬಲ್ಲರು!

ಮುಂದೆ ತುಳುನಾಡಿನ ಜೈನ ಮನೆತನಗಳ ಪ್ರತಿಷ್ಠೆಯು ಅಂಗಡಿಯ ಜಗಲಿಯಿಂದ ಬೀಡಿನ ಅಂಗಳಕ್ಕೆ ಸರಿಯಿತು. ಮನೆಗೆ ಬರುವ ಗೇಣಿ ಅಕ್ಕಿಯ ಮುಡಿಗಳನ್ನು ಎಣಿಸಿ ಗೌರವವನ್ನು ಅಳೆಯುವ ಕಾಲ ಬಂತು. 1974ರ ಭೂಸುಧಾರಣೆಯ ತಿದ್ದುಪಡಿ ಶಾಸನದಿಂದ ಗೇಣಿಯ ಭೂಮಿಯು ಉಳುವವರ ಪಾಲಾದಾಗ ಆ ಆಧಾರವೂ ಕುಸಿಯಿತು. ಉಳುವವನಿಗೆ ಭೂಮಿ ದೊರೆತದ್ದು ನ್ಯಾಯವೇ. ಆದರೆ ಆ ಆದಾಯವನ್ನೇ ನಂಬಿದ್ದ ಎಷ್ಟೋ ಬಸದಿಗಳಲ್ಲಿ ನಿತ್ಯಪೂಜೆಯ ವೆಚ್ಚಕ್ಕೂ ತಾಪತ್ರಯವಾಯಿತೆಂಬುದು ಸುಳ್ಳಲ್ಲ. ಬೀಡುಗಳ ಮಕ್ಕಳು ವಿದ್ಯೆಯನ್ನು, ಉದ್ಯೋಗವನ್ನು ಅರಸಿ ಮುಂಬಯಿ ಬೆಂಗಳೂರುಗಳಿಗೆ ತೆರಳಿದರು. ಪೇಟೆಯ ಜವಳಿ, ಜೀನಸು ಅಂಗಡಿಗಳನ್ನು ಇಂದು ನಾನಾ ಸಮಾಜದವರು ನಡೆಸುತ್ತಿದ್ದಾರೆ.

ಪೇಟೆಯು ನಮ್ಮವರ ಕೈತಪ್ಪಿತೆಂದು ಸಮಾಜದ ಹಿರಿಯರು ಮರುಗುವುದುಂಟು. ಆದರೆ ಪೇಟೆಯು ಜೈನರೊಬ್ಬರದೇ ಆಗಿದ್ದ ಕಾಲವೆಂಬುದು ಇತ್ತೆ? ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘದಲ್ಲಿಯೂ ಜೈನರು ಅನ್ಯಮತೀಯರೊಡನೆ ಕೂಡಿಯೇ ವ್ಯಾಪಾರ ಮಾಡಿದರು. ಅಂದಿನ ಶೆಟ್ಟರ ಹಿರಿಮೆಯನ್ನು ಅಂಗಡಿಗಳ ಸಂಖ್ಯೆಯಲ್ಲಿ ಹುಡುಕುವುದಕ್ಕಿಂತ 1368ರ ಬುಕ್ಕರಾಯನ ಶ್ರವಣಬೆಳಗೊಳ ಶಾಸನದಲ್ಲಿ ಹುಡುಕುವುದು ಲೇಸು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ಅರಸನು ಬಗೆಹರಿಸಿದಾಗ, ಪ್ರತಿಯೊಂದು ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಸಲ್ಲಬೇಕೆಂದು ಗೊತ್ತಾಯಿತು. ಮನೆ ಹಿರಿದೋ ಕಿರಿದೋ ಎಂಬ ಭೇದವಿಲ್ಲ. ಆ ಹಣದಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರು. ಮಿಕ್ಕುದರಲ್ಲಿ ಜೀರ್ಣಜಿನಾಲಯಗಳಿಗೆ ಸುಣ್ಣ. ಅದೇ ಶಾಸನದ ಕೊನೆಯಲ್ಲಿ ಕಲ್ಲೇಹದ ಬುಸುವಿ ಸೆಟ್ಟಿಯೆಂಬಾತನ ಹೆಸರು ಬರುತ್ತದೆ. ಅರಸನಲ್ಲಿ ಬಿನ್ನವಿಸಿ ಜೀರ್ಣೋದ್ಧಾರ ಮಾಡಿಸಿದ ಆತನಿಗೆ ಎರಡೂ ಸಮಯದವರು ಕೂಡಿ ‘ಸಂಘನಾಯಕ’ ಪಟ್ಟವನ್ನು ಕಟ್ಟಿದರು.